ಹಾಸನದಲ್ಲಿ ಬ್ಯಾಸ್ಕೆಟ್‌ಬಾಲ್ ತೀರ್ಪುಗಾರರನ್ನು ತಯಾರು ಮಾಡುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಸಾಲಗಾಮೆ ರಸ್ತೆ (ಹಾಸನ) ಕೇಳಿದ್ದು:

ಮಾನ್ಯರೇ,

ಹಾಸನದಲ್ಲಿ ನಾವು ಕೆಲವು ಹಳೆಯ ಆಟಗಾರರು ಸೇರಿ ಎರಡು ವರ್ಷಗಳಿಂದ ಪ್ರೌಢಶಾಲೆ ಮತ್ತು ಪಿಯುಸಿ ಮಕ್ಕಳಿಗಾಗಿ ಭಾನುವಾರದ ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ನಡೆಸುತ್ತಿದ್ದೇವೆ. ಅಂಕಣವಿದೆ, ಚೆಂಡುಗಳಿವೆ, ಆಡುವ ಮಕ್ಕಳಂತೂ ನಾವು ಎಣಿಸಿದ್ದಕ್ಕಿಂತ ಹೆಚ್ಚಾಗಿಯೇ ಬರುತ್ತಾರೆ, ಇಲ್ಲದಿರುವುದು ತೀರ್ಪುಗಾರರು. ಮೊದಲ ವರ್ಷ ಮೈಸೂರು, ಬೆಂಗಳೂರುಗಳಿಂದ ಪರಿಚಿತರನ್ನು ಕರೆಸಿಕೊಂಡೆವು. ಅವರ ಬಸ್ ಖರ್ಚು, ಊಟ, ಗೌರವಧನ ಎಲ್ಲ ಸೇರಿದರೆ ಚೆಂಡು, ಬಲೆಗಳಿಗೆ ಆಗುವುದಕ್ಕಿಂತ ಹೆಚ್ಚಿನ ಹಣ ಅದಕ್ಕೇ ಹೋಗುತ್ತಿತ್ತು. ಆದ್ದರಿಂದ ಈ ವರ್ಷ ಇಲ್ಲಿಯವರನ್ನೇ ತಯಾರು ಮಾಡೋಣವೆಂದು, ಪದವಿ ಓದುತ್ತಿರುವ ಆರು ಮಂದಿ ಆಟಗಾರರನ್ನು ಆರಿಸಿ, ಎರಡು ದಿನ ತರಗತಿ ನಡೆಸಿ, ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮಾವಳಿಯನ್ನು ಓದಿಸಿ, ಕೊನೆಗೆ ಲಿಖಿತ ಪರೀಕ್ಷೆಯನ್ನೂ ಇಟ್ಟೆವು. ಆರೂ ಮಂದಿ ಚೆನ್ನಾಗಿಯೇ ಉತ್ತರಿಸಿದ್ದರು.

ಈಗ ಉಳಿದಿರುವವರು ಇಬ್ಬರು. ಮೂರನೆಯ ಭಾನುವಾರ, ಎರಡೇ ಅಂಕಗಳ ಅಂತರವಿದ್ದ ಪಂದ್ಯವೊಂದರ ಕೊನೆಯ ನಿಮಿಷದಲ್ಲಿ, ಬುಟ್ಟಿಯತ್ತ ನುಗ್ಗಿದ ಹುಡುಗನೂ ಎದುರು ನಿಂತಿದ್ದವನೂ ಡಿಕ್ಕಿಯಾಗಿ ಬಿದ್ದರು. ನಮ್ಮ ತೀರ್ಪುಗಾರ ಸೀಟಿ ಊದಿ, ನುಗ್ಗಿದವನದೇ ತಪ್ಪೆಂದು ಚಾರ್ಜಿಂಗ್ ಕೊಟ್ಟ. ಆ ತಂಡದ ತರಬೇತುದಾರರು ಅಂಕಣದೊಳಕ್ಕೇ ಬಂದರು, ಪೋಷಕರು ಕೂಗಿದರು, ಹುಡುಗ ಗಾಬರಿಬಿದ್ದು ತೀರ್ಪನ್ನು ತಿರುಗಿಸಿ ಬ್ಲಾಕಿಂಗ್, ಅಂದರೆ ತಡೆದವನದೇ ತಪ್ಪು, ಎಂದ. ಆಗ ಎದುರು ತಂಡದವರು ಕೂಗಿದರು. ಹೇಗೋ ಪಂದ್ಯ ಮುಗಿಸಿದ ಆತ ಸೀಟಿಯನ್ನು ಟೇಬಲ್ ಮೇಲಿಟ್ಟು ಹೋದವನು ಮತ್ತೆ ಬರಲಿಲ್ಲ. ಅವನ ಹಿಂದೆಯೇ ಇನ್ನೂ ಮೂವರು ಪರೀಕ್ಷೆ, ಮದುವೆ, ಊರಿನ ಜಾತ್ರೆ ಎಂದು ಒಂದೊಂದು ನೆಪ ಹೇಳಿ ಬಿಟ್ಟರು. ಯಾವ ಶಾಲೆ ಎಂಬುದು ಇಲ್ಲಿ ಬೇಡ.

ನಾವು ಕಲಿಸಿದ್ದರಲ್ಲೇ ಕೊರತೆಯಿತ್ತೇ, ಅಥವಾ ಕಲಿಸಿದ ಮೇಲೆ ಅವರ ಜೊತೆ ನಿಲ್ಲದೆ ಹೋದದ್ದು ತಪ್ಪೇ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಹಳೇ ಸೀಟಿ (ಹಾಸನ) ಉತ್ತರ:

ಎರಡೂ. ಆದರೆ ಕಲಿಸಿದ ಕ್ರಮದಿಂದಲೇ ಮಾತು ಆರಂಭಿಸುತ್ತೇನೆ, ಏಕೆಂದರೆ ದೈಹಿಕ ಶಿಕ್ಷಕನಾಗಿ ಬಹಳ ವರ್ಷ ಸೀಟಿ ಊದಿದ ನಾನು ಮೊದಲು ಮಾಡಿದ ತಪ್ಪೂ ಇದೇ ಆಗಿತ್ತು. ಐದನೆಯ ವೈಯಕ್ತಿಕ ಫೌಲಿಗೆ ಆಟಗಾರ ಹೊರಗೆ ಹೋಗಬೇಕೆಂಬುದು ಪುಸ್ತಕ ಓದಿದವನಿಗೆ ಗೊತ್ತಾಗುತ್ತದೆ; ಆ ಫೌಲನ್ನು ಕಾಣಲು ಎಲ್ಲಿ ನಿಂತಿರಬೇಕೆಂಬುದು ಲಿಖಿತ ಪರೀಕ್ಷೆಯಿಂದ ಬರುವುದಿಲ್ಲ. ನಿಮ್ಮ ಹುಡುಗನ ತೀರ್ಪು ಸರಿಯೋ ತಪ್ಪೋ ನಾನರಿಯೆ, ಆದರೆ ಅದನ್ನು ಅಷ್ಟು ಬೇಗ ತಿರುಗಿಸಿದನೆಂದರೆ ಅವನಿಗೆ ಡಿಕ್ಕಿ ಸ್ಪಷ್ಟವಾಗಿ ಕಂಡಿರಲಿಲ್ಲ ಎಂದೇ ಅರ್ಥ.

ಇಬ್ಬರು ತೀರ್ಪುಗಾರರಿರುವ ಪಂದ್ಯದಲ್ಲಿ ಒಬ್ಬ ಲೀಡ್, ಆಟಕ್ಕಿಂತ ಮುಂದೆ ಓಡಿ ಬುಟ್ಟಿಯ ಕೆಳಗಿನ ಗೆರೆಯಾಚೆ ನಿಲ್ಲುವವನು. ಇನ್ನೊಬ್ಬ ಟ್ರೇಲ್, ಚೆಂಡಿನ ಹಿಂದೆ ಎಡಪಕ್ಕದಲ್ಲಿ ಬರುವವನು. ಫಿಬಾದ ಕೈಪಿಡಿ ಅರ್ಧ ಅಂಕಣವನ್ನು ಆರು ಚೌಕಗಳಾಗಿ ವಿಂಗಡಿಸಿ, ಚೆಂಡು ಯಾವ ಚೌಕದಲ್ಲಿದ್ದಾಗ ಯಾರ ಕಣ್ಣು ಅದರ ಮೇಲಿರಬೇಕೆಂದು ಹಂಚಿಕೊಟ್ಟಿದೆ. ಹೊಸಬರು ಈ ಹಂಚಿಕೆಯನ್ನು ಬಾಯಿಪಾಠ ಮಾಡಿರುತ್ತಾರೆ, ಅಂಕಣಕ್ಕಿಳಿದ ಕೂಡಲೇ ಇಬ್ಬರೂ ಚೆಂಡನ್ನೇ ನೋಡುತ್ತಾರೆ. ಚೆಂಡಿಲ್ಲದ ಕಡೆ ನಡೆಯುವ ತಳ್ಳಾಟ ಯಾರ ಕಣ್ಣಿಗೂ ಬೀಳುವುದಿಲ್ಲ, ಮಕ್ಕಳು ತಾವೇ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಹೊರಡುತ್ತಾರೆ, ಆಟ ಕೆಡುವುದು ಅಲ್ಲಿಂದ. ಇದಕ್ಕೆ ನಾನು ಕಂಡ ಮದ್ದೆಂದರೆ, ಅಭ್ಯಾಸದ ಹೊತ್ತಿನಲ್ಲಿ ಹತ್ತು ನಿಮಿಷ ಸೀಟಿಯನ್ನೇ ಕೊಡದೆ ನಿಲ್ಲಿಸಿ, ಆಮೇಲೆ ‘ನಿನ್ನ ಪಾಲಿನ ಜಾಗದಲ್ಲಿ ಏನೇನಾಯಿತು, ಹೇಳು’ ಎಂದು ಕೇಳುವುದು.

ಡಿಕ್ಕಿಯ ವಿಷಯದಲ್ಲಿ ನೋಡಬೇಕಾದದ್ದು ನುಗ್ಗುವವನನ್ನಲ್ಲ, ತಡೆಯುವವನನ್ನು. ಎದುರಾಳಿಗೆ ಮುಖ ಮಾಡಿ, ಎರಡೂ ಕಾಲು ನೆಲದ ಮೇಲಿಟ್ಟು, ಅವನಿಗಿಂತ ಮೊದಲೇ ಆ ಜಾಗ ಹಿಡಿದಿದ್ದನೇ? ಹಿಡಿದಿದ್ದು, ಪೆಟ್ಟು ಎದೆಗೆ ಬಿದ್ದಿದ್ದರೆ ತಪ್ಪು ನುಗ್ಗಿದವನದು. ತಡೆಯುವವನು ಕಂಬದಂತೆ ನಿಂತಿರಲೇಬೇಕೆಂದು ಹೊಸ ತೀರ್ಪುಗಾರರಲ್ಲಿ ಬಹಳ ಮಂದಿ ನಂಬಿರುತ್ತಾರೆ. ನಿಯಮದಲ್ಲಿ ಹಾಗಿಲ್ಲ, ಜಾಗ ಹಿಡಿದ ಮೇಲೆ ಅವನು ಪಕ್ಕಕ್ಕೆ ಅಥವಾ ಹಿಂದಕ್ಕೆ ಸರಿಯಬಹುದು. ಸಿಲಿಂಡರ್ ತತ್ವವೆಂದು ಇಂಗ್ಲಿಷಿನಲ್ಲಿ ಹೇಳುವುದನ್ನು ನಾನು ಕಣಜವೆಂದು ಕಲಿಸುತ್ತೇನೆ: ಪ್ರತಿ ಆಟಗಾರನೂ ತನ್ನ ಅಳತೆಯ ಕಣಜವೊಂದರೊಳಗೆ ನಿಂತಿದ್ದಾನೆ, ಅದರೊಳಗೆ ನೇರ ಮೇಲಕ್ಕೆ ಹಾರಲು, ಕೈ ಎತ್ತಲು ಅವನಿಗೆ ಹಕ್ಕಿದೆ, ಕಣಜದ ಗೋಡೆ ದಾಟಿ ಬಂದು ತಾಗಿದವನು ಹೊಣೆಗಾರ. ರೈತರ ಮನೆಯ ಮಕ್ಕಳಿಗೆ ಇದು ತಕ್ಷಣ ಹಿಡಿಸುತ್ತದೆ.

ಇನ್ನೊಂದನ್ನು ವಿಚಾರಿಸಿ. ನಿಮ್ಮ ಅಂಕಣದಲ್ಲಿ ಬುಟ್ಟಿಯ ಕೆಳಗೆ 1.25 ಮೀಟರ್ ತ್ರಿಜ್ಯದ ಅರ್ಧವೃತ್ತವನ್ನು ಬರೆದಿದ್ದಾರೆಯೇ? ಚೆಂಡು ಹಿಡಿದು ಗಾಳಿಯಲ್ಲಿರುವವನು ಆ ಅರ್ಧವೃತ್ತದೊಳಗೆ ನಿಂತ ರಕ್ಷಕನಿಗೆ ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಚಾರ್ಜಿಂಗ್ ಕೊಡುವಂತಿಲ್ಲ. 2010ರಲ್ಲಿ ಫಿಬಾ ಈ ಗೆರೆಯನ್ನು ತಂದಾಗಲೇ ಮೂರಂಕದ ಗೆರೆಯನ್ನು 6.25 ಮೀಟರಿನಿಂದ 6.75ಕ್ಕೆ ಸರಿಸಿತು, ಬುಟ್ಟಿಯ ಮುಂದಿನ ಓರೆ ಬದಿಗಳ ಪ್ರದೇಶವನ್ನು ಆಯತವಾಗಿಸಿತು. ನಮ್ಮ ಕಡೆಯ ಹಳೆಯ ಸಿಮೆಂಟ್ ಅಂಕಣಗಳಲ್ಲಿ ಇಂದಿಗೂ ಹಳೆಯ ಗೆರೆಗಳೇ ಉಳಿದಿರುವುದನ್ನು ನಾನು ಕಂಡಿದ್ದೇನೆ. ನೆಲದ ಮೇಲೆ ಇಲ್ಲದ ಗೆರೆಯನ್ನು ನೆನಪಿನಲ್ಲಿಟ್ಟುಕೊಂಡು ಕೊನೆಯ ನಿಮಿಷದಲ್ಲಿ ತೀರ್ಪು ಕೊಡೆಂದು ಹುಡುಗನನ್ನು ನಿಲ್ಲಿಸಿದರೆ, ಆ ತಪ್ಪು ನಿಲ್ಲಿಸಿದವರದು.

ಹೊಸಬರನ್ನು ಮೊದಲು ಟೇಬಲ್‌ಗೆ ಕೂರಿಸಿ. ನಾಲ್ಕು ಭಾನುವಾರ ಸ್ಕೋರ್ ಶೀಟ್ ಬರೆದವನಿಗೆ, ಒಂದು ಕ್ವಾರ್ಟರ್‌ನಲ್ಲಿ ತಂಡದ ಫೌಲುಗಳು ನಾಲ್ಕಾದ ಮೇಲೆ ಆಟದ ಬಿಸಿ ಹೇಗೆ ಏರುತ್ತದೆಂಬುದೂ, ತೀರ್ಪುಗಾರ ಅಂಗಿಯ ಸಂಖ್ಯೆ, ಫೌಲಿನ ಬಗೆ, ಮುಂದಿನ ಕ್ರಮ ಇವನ್ನು ಸರಿಯಾದ ಅನುಕ್ರಮದಲ್ಲಿ ತೋರಿಸದಿದ್ದರೆ ಬರೆಯುವವನಿಗೆ ಎಷ್ಟು ಕಷ್ಟವೆಂಬುದೂ ತಾನಾಗಿಯೇ ತಿಳಿಯುತ್ತದೆ. ಆಮೇಲೆ ಹಿರಿಯನೊಬ್ಬನ ಜೊತೆ ಚಿಕ್ಕ ಮಕ್ಕಳ ಪಂದ್ಯದ ಮೊದಲರ್ಧ ಮಾತ್ರ. ಪಂದ್ಯ ಮುಗಿದ ಮೇಲೆ ಹತ್ತು ನಿಮಿಷ ಪಕ್ಕಕ್ಕೆ ಕರೆದು ಎರಡು ತಪ್ಪು ಹೇಳಿ, ಮೂರನೆಯದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಚಿತ್ರೀಕರಿಸುವುದು ಒಳ್ಳೆಯದೇ, ಆದರೆ ಆ ತುಣುಕನ್ನು ವಾಟ್ಸಾಪ್ ಗುಂಪಿಗೆ ಹಾಕಿದಿರೋ, ಉಳಿದ ಇಬ್ಬರನ್ನೂ ಕಳೆದುಕೊಳ್ಳುತ್ತೀರಿ.

ಚನ್ನರಾಯಪಟ್ಟಣದವಳು ಉತ್ತರ:

ಹಿರಿಯರು ಅಂಕಣದೊಳಗಿನದನ್ನು ಹೇಳಿದ್ದಾರೆ. ನಾನು ಅದರ ಅಂಚಿನಲ್ಲಿ ನಡೆಯುವುದನ್ನು ಹೇಳುತ್ತೇನೆ. ನಾನೂ ಎರಡು ವರ್ಷ ಸೀಟಿ ಊದಿ, ಬಿಟ್ಟು, ಮತ್ತೆ ಬಂದವಳು. ಬಿಡಿಸಿದ್ದು ಬೈಗುಳವಲ್ಲ. ಬಟ್ಟೆ ಬದಲಾಯಿಸಲು ಒಂದು ಕೋಣೆಯಿರಲಿಲ್ಲ, ಕೊನೆಯ ಪಂದ್ಯ ಕತ್ತಲಾದ ಮೇಲೆ ಮುಗಿದರೆ ಬಸ್ ನಿಲ್ದಾಣದವರೆಗೆ ಬಿಡುವವರಿರಲಿಲ್ಲ, ಕೊಡುತ್ತೇವೆಂದ ಹಣಕ್ಕೆ ತಿಂಗಳು ಕಳೆದ ಮೇಲೆ ನಾನೇ ಫೋನ್ ಮಾಡಬೇಕಾಗಿತ್ತು. ಕಡಿಮೆಯೇ ಕೊಡಿ, ಆದರೆ ಮೈದಾನ ಬಿಡುವ ಮುನ್ನ ಕೈಗೆ ಕೊಡಿ. ಹುಡುಗಿಯರನ್ನು ಒಬ್ಬೊಬ್ಬರನ್ನೇ ಕರೆಯದೆ ಜೋಡಿಯಾಗಿ ಕರೆಯಿರಿ.

ತರಬೇತುದಾರರ ವಿಷಯ ನಮ್ಮಂಥ ಊರುಗಳಲ್ಲಿ ಇನ್ನೂ ಸೂಕ್ಷ್ಮ, ಏಕೆಂದರೆ ಎದುರು ನಿಂತು ಕೂಗುತ್ತಿರುವವರು ಎಷ್ಟೋ ಸಲ ನಮಗೇ ಡ್ರಿಬಲ್ ಕಲಿಸಿದ ಪಿ.ಟಿ. ಮೇಷ್ಟ್ರು. ನಿನ್ನೆ ಮೊನ್ನೆಯವರೆಗೆ ‘ನಮಸ್ಕಾರ ಸಾರ್’ ಎಂದು ಬದಿಗೆ ಸರಿದು ನಿಲ್ಲುತ್ತಿದ್ದವಳು ಇಂದು ಅವರಿಗೆ ಟೆಕ್ನಿಕಲ್ ಫೌಲ್ (ಅನುಚಿತ ವರ್ತನೆಗೆ ಕೊಡುವ ಫೌಲ್) ಕೊಡಬೇಕೆಂದರೆ ಕೈ ಏಳುವುದಿಲ್ಲ. ಆದ್ದರಿಂದ ಹೊಸ ತೀರ್ಪುಗಾರರನ್ನು ಅವರು ಓದಿದ ಶಾಲೆಯ ಪಂದ್ಯಕ್ಕೆ ಹಾಕಬೇಡಿ. ಪಂದ್ಯಕ್ಕೆ ಮೊದಲು ಆಯೋಜಕರಾದ ನೀವೇ ಎರಡೂ ತಂಡಗಳ ತರಬೇತುದಾರರನ್ನೂ ನಾಯಕರನ್ನೂ ನಿಲ್ಲಿಸಿ, ತೀರ್ಪಿನ ಬಗ್ಗೆ ವಿವರಣೆ ಬೇಕಿದ್ದರೆ ಚೆಂಡು ಸತ್ತು, ಅಂದರೆ ಆಟಕ್ಕೆ ತಡೆ ಬಿದ್ದು, ಗಡಿಯಾರ ನಿಂತಾಗ ಆಟಗಾರರ ಪೈಕಿ ನಾಯಕ ಮಾತ್ರ ವಿನಯದಿಂದ ಕೇಳಬಹುದೆಂದು, ಇದು ನಮ್ಮ ಕಟ್ಟಳೆಯಲ್ಲ, ಫಿಬಾ ನಿಯಮವೇ ಎಂದು ಹೇಳಿಬಿಡಿ. ತರಬೇತುದಾರರು ತಮ್ಮ ಸ್ವಂತ ವರ್ತನೆಗಾಗಿ ಎರಡು ಟೆಕ್ನಿಕಲ್ ಫೌಲ್ ಪಡೆದರೆ ಹೊರಗೆ ಹೋಗಬೇಕಾಗುತ್ತದೆಂಬುದನ್ನೂ ಅಲ್ಲೇ ನೆನಪಿಸಿ. ಪೋಷಕರಿಗೆ ಟೆಕ್ನಿಕಲ್ ಫೌಲ್ ಎಂಬುದಿಲ್ಲವಷ್ಟೆ. ಅವರನ್ನು ಸುಮ್ಮನಿರಿಸುವುದು ಹತ್ತೊಂಬತ್ತು ವರ್ಷದ ಹುಡುಗನ ಕೆಲಸವಲ್ಲ, ಆಯೋಜಕರ ಕೆಲಸ. ಆ ದಿನ ನೀವು ಎಲ್ಲಿದ್ದಿರಿ?

ಮೂಡಿಗೆರೆ ಮಳೆ (ಚಿಕ್ಕಮಗಳೂರು ಜಿಲ್ಲೆ) ಉತ್ತರ:

ನನ್ನದೊಂದು ಭಿನ್ನಾಭಿಪ್ರಾಯ. ಚೆನ್ನಾಗಿ ಆಡುವವರನ್ನೇ ಏಕೆ ಆರಿಸಿದಿರಿ? ಅವರಿಗೆ ಆಡುವುದೇ ಇಷ್ಟ. ಒಳಗೆ ನಿಂತು ನೋಡುವಾಗಲೂ ‘ನಾನಾಗಿದ್ದರೆ ಹೀಗೆ ಹಾಕುತ್ತಿದ್ದೆ’ ಎಂದುಕೊಳ್ಳುತ್ತಿರುತ್ತಾರೆ. ನಮ್ಮಲ್ಲಿ ತೀರ್ಪುಗಾರರಾಗಿ ಉಳಿದ ಮೂವರಲ್ಲಿ ಇಬ್ಬರು ತಂಡದ ಬೆಂಚಿನಲ್ಲಿ ಕುಳಿತು ಎಲ್ಲರ ಫೌಲ್ ಎಣಿಸುತ್ತಿದ್ದ ಹುಡುಗರು.

ಎರಡನೆಯದು, ಶಾಲಾ ಕ್ರೀಡಾಕೂಟಗಳು ನಮ್ಮ ಕಡೆ ಮಳೆಗಾಲದಲ್ಲೇ ಬರುತ್ತವೆ. ಹಾವಸೆ ಕಟ್ಟಿದ ಸಿಮೆಂಟ್ ನೆಲದ ಮೇಲೆ ಆಡಿಸಬಹುದೇ ಎಂದು ಆಟಕ್ಕೆ ಮೊದಲೇ ನೋಡಿ ಹೇಳುವ ಧೈರ್ಯವನ್ನೂ ತರಬೇತಿಯಲ್ಲಿ ಸೇರಿಸಿ, ಏಕೆಂದರೆ ಊಟಕ್ಕೆ ಹೇಳಿಯಾಗಿದೆ, ಬಸ್ ಬಂದಾಗಿದೆ ಎಂಬ ಒತ್ತಡ ಅವರ ಮೇಲೆಯೇ ಬೀಳುತ್ತದೆ. ತಾಲ್ಲೂಕುಗಳ ದೈಹಿಕ ಶಿಕ್ಷಕರನ್ನೂ ತರಬೇತಿಗೆ ಕರೆಯುವುದಾದರೆ ಓ.ಓ.ಡಿ. (ಅನ್ಯ ಕರ್ತವ್ಯದ ಅನುಮತಿ) ಪತ್ರಕ್ಕೆ ಮೊದಲೇ ಇಲಾಖೆಗೆ ಬರೆಯಿರಿ. ಅದಿಲ್ಲದೆ ಶನಿವಾರ ಯಾರೂ ಬರಲಾರರು.

ಸಾಲಗಾಮೆ ರಸ್ತೆ (ಹಾಸನ):

ಎಲ್ಲರಿಗೂ ಧನ್ಯವಾದಗಳು. ಚನ್ನರಾಯಪಟ್ಟಣದ ಮೇಡಂ ಅವರ ಕೊನೆಯ ಪ್ರಶ್ನೆಗೆ ಉತ್ತರಿಸಲೇಬೇಕು: ಆ ಹೊತ್ತಿನಲ್ಲಿ ನಾನು ಬಹುಮಾನದ ಕಪ್‌ಗಳನ್ನು ತರಲು ಪೇಟೆಗೆ ಹೋಗಿದ್ದೆ. ಅಂಕಣದ ಬಳಿ ಆಯೋಜಕರೆನ್ನುವವರು ಯಾರೂ ಇರಲಿಲ್ಲ. ಹಳೇ ಸೀಟಿಯವರು ಕೇಳಿದ ಅರ್ಧವೃತ್ತವೂ ನಮ್ಮಲ್ಲಿಲ್ಲ. ನಿನ್ನೆ ಸಂಜೆ ಹೋಗಿ ನೋಡಿ ಬಂದೆ, ಗೆರೆಗಳೆಲ್ಲ ಹಳೆಯ ಅಳತೆಯವೇ. ಉಳಿದ ಇಬ್ಬರನ್ನು ಈ ವಾರದಿಂದ ಟೇಬಲ್ ಮತ್ತು ಅಂಕಣದ ನಡುವೆ ಸರದಿಯಲ್ಲಿ ಹಾಕುತ್ತೇವೆ. ಮುಂದೆ ರಾಜ್ಯ ಸಂಸ್ಥೆಯ ತೀರ್ಪುಗಾರರ ಪರೀಕ್ಷೆಗೆ ಕೂರುವ ಆಸೆಯೂ ಅವರಿಗಿದೆ. ಬಿಟ್ಟುಹೋದ ಆ ಹುಡುಗನಿಗೆ ಹಲವು ಸಲ ಫೋನ್ ಮಾಡಿದೆ, ಎತ್ತುತ್ತಿಲ್ಲ. ಅವನನ್ನು ಮತ್ತೆ ಕರೆಯುವುದು ಸರಿಯೇ?

ಹಳೇ ಸೀಟಿ (ಹಾಸನ):

ಫೋನ್ ಬೇಡ, ಮನೆಗೆ ಹೋಗಿ. ತೀರ್ಪಿನ ಮಾತನ್ನೇ ಎತ್ತಬೇಡಿ. ಆ ದಿನ ನೀವು ಅಲ್ಲಿರಲಿಲ್ಲವೆಂಬುದನ್ನು ಮೊದಲು ಹೇಳಿ, ನೆಲದ ಮೇಲೆ ಗೆರೆಯೇ ಇರಲಿಲ್ಲವೆಂಬುದನ್ನು ಆಮೇಲೆ ಹೇಳಿ. ಸೀಟಿ ಊದೆಂದು ಕೇಳದೆ, ಒಂದು ಭಾನುವಾರ ಸ್ಕೋರ್ ಶೀಟ್ ಬರೆಯಲು ಜನ ಬೇಕಾಗಿದ್ದಾರೆಂದು ಕೇಳಿ. ಬಂದರೆ ಟೇಬಲ್‌ನಲ್ಲಿ ನಾನೇ ಅವನ ಪಕ್ಕದಲ್ಲಿ ಕುಳಿತು ಗಡಿಯಾರ ನೋಡಿಕೊಳ್ಳುತ್ತೇನೆ.

ಪರೀಕ್ಷೆಗೆ ಕೂರುವ ಇಬ್ಬರಿಗೆ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮಾವಳಿಯನ್ನೇ ಕೊಡಿ, ಹಳೆಯ ಜೆರಾಕ್ಸ್ ಪ್ರತಿಗಳನ್ನು ತೆಗೆದಿಡಿ. ಹೆಜ್ಜೆಗಳ ಎಣಿಕೆ 2017ರಲ್ಲಿ ಬದಲಾದದ್ದೇ ತಿಳಿಯದೆ ಇಂದಿಗೂ ಟ್ರಾವೆಲಿಂಗ್ (ಚೆಂಡು ಹಿಡಿದು ಹೆಚ್ಚು ಹೆಜ್ಜೆ ಇಟ್ಟ ತಪ್ಪು) ಊದುವವರನ್ನು ನಾನು ಬಲ್ಲೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಬರುತ್ತೇನೆ. ಅಳತೆಯ ಟೇಪು, ಒಂದು ಗಟ್ಟಿ ದಾರ, ಸ್ವಲ್ಪ ಸುಣ್ಣದ ಪುಡಿ ತಂದಿಟ್ಟಿರಿ. ಮಕ್ಕಳು ಬರುವಷ್ಟರಲ್ಲಿ ಎರಡೂ ಬುಟ್ಟಿಗಳ ಕೆಳಗೆ ಅರ್ಧವೃತ್ತ ಎಳೆದು ಮುಗಿಸೋಣ.