ಸರ್ವರ್ ಒಳಗಿಂದ ಟಕ್ ಟಕ್ ಸದ್ದು, ಆಫ್ ಮಾಡಬೇಕಾ ಬೇಡವಾ?

ಪ್ರಶ್ನೆ, ಕಾಪುವಿನಿಂದ: ನಮ್ಮ ಸೊಸೈಟಿ ಕಚೇರಿಯನ್ನು ಮಳೆ ಶುರುವಾಗುವ ಮೊದಲು ಬೇರೆ ಕಟ್ಟಡಕ್ಕೆ ಬದಲಾಯಿಸಿದೆವು. ಟೆಂಪೋದಲ್ಲಿ ತರುವಾಗ ಟವರ್ ಸರ್ವರಿನ ಒಂದು ಬದಿ ಗುದ್ದಿ ತಗ್ಗಾಗಿದೆ. ಈಗ ಒಳಗಿಂದ ಟಕ್ ಟಕ್ ಅಂತ ಸದ್ದು. ಕೆಲವೊಮ್ಮೆ ಸಣ್ಣಗೆ ಸೀಟಿ ಊದಿದ ಹಾಗೆ ಕೇಳುತ್ತದೆ. ಕೆಲಸ ಮಾತ್ರ ನಡೆಯುತ್ತಾ ಉಂಟು. ಆಫ್ ಮಾಡಿ ಬಿಚ್ಚಿ ನೋಡಬಹುದಾ?

ಮಂಗಳೂರಿನಿಂದ, ಹಾರ್ಡ್‌ವೇರ್ ಸರ್ವಿಸ್ ಮಾಡುವವರು:

ಸರ್, ದಯವಿಟ್ಟು ಈಗಲೇ ಆಫ್ ಮಾಡಬೇಡಿ. ವರ್ಷಗಟ್ಟಲೆ ತಿರುಗಿದ ಹಾರ್ಡ್ ಡಿಸ್ಕ್ ಒಮ್ಮೆ ನಿಂತು ತಣ್ಣಗಾದರೆ ಮತ್ತೆ ತಿರುಗದೇ ಇರಬಹುದು. ಓದಲು ಸಿಗುತ್ತಿರುವಾಗಲೇ ಬ್ಯಾಕಪ್ ತೆಗೆಯಿರಿ. ಲೆಕ್ಕದ ಡೇಟಾಬೇಸ್ ಮೊದಲು, ಸ್ಕ್ಯಾನ್ ಮಾಡಿಟ್ಟ ಕಾಗದಪತ್ರ ಆಮೇಲೆ. ಕಾಪಿ ಹೊರಗಿನ ಡಿಸ್ಕಿಗೇ ಹೋಗಬೇಕು, ಅದೇ ಸರ್ವರಿನ ಇನ್ನೊಂದು ಫೋಲ್ಡರಿಗೆ ಅಲ್ಲ.

ಒಂದು ಸಂದರ್ಭ ಮಾತ್ರ ಬೇರೆ. ಕಾಪಿ ನಿಂತುಹೋಗಿ, ಒಳಗಿಂದ ಗರಗರ ಕೆರೆಯುವ ಸದ್ದು ಬಂದರೆ ಆ ಕ್ಷಣವೇ ಆಫ್ ಮಾಡಿ. ಡೇಟಾ ಓದುವ ಹೆಡ್, ಡಿಸ್ಕಿನೊಳಗೆ ತಿರುಗುವ ಪ್ಲೇಟಿಗೆ ತಾಗುತ್ತಿರುವ ಲಕ್ಷಣ ಅದು. ತಿರುಗಿದಷ್ಟೂ ಡೇಟಾ ಕೆರೆದು ಹೋಗುತ್ತದೆ. ಅಲ್ಲಿಂದ ಮುಂದೆ ಡೇಟಾ ರಿಕವರಿ ಮಾಡುವವರ ಕೆಲಸ.

ಇನ್ನು ಟಕ್ ಟಕ್ ಎಲ್ಲಿಂದ ಅಂತ ಹುಡುಕಿ. ಡಿಸ್ಕ್ ಆದರೆ ಒಂದೇ ಲಯದಲ್ಲಿ ನಾಲ್ಕಾರು ಸಲ ಬಡಿದು, ಸ್ವಲ್ಪ ನಿಂತು, ಮತ್ತೆ ಶುರು ಮಾಡುತ್ತದೆ. ಹೆಡ್‌ಗೆ ತನ್ನ ಜಾಗ ಸಿಗದೆ ಹಿಂದೆ ಬಂದು ಪುನಃ ಹುಡುಕುತ್ತದೆ, ಹಾಗಾಗಿ ಆ ಸದ್ದು. ಫ್ಯಾನಿಗೆ ವೈರ್ ತಾಗುತ್ತಿದ್ದರೆ ಸದ್ದು ಬಿಡುವಿಲ್ಲದೆ ಬರುತ್ತದೆ, ಫ್ಯಾನ್ ವೇಗ ಹೆಚ್ಚಿದಾಗ ಅದೂ ಹೆಚ್ಚುತ್ತದೆ. ನಿಮ್ಮ ಪೆಟ್ಟಿಗೆಯ ಬದಿ ಒಳಗೆ ಹೋಗಿದೆ ಅಂದಿರಲ್ಲ, ಕೇಬಲ್ ಫ್ಯಾನಿನ ಮೇಲೆ ಸರಿದಿರಬಹುದು ಅಂತ ನನಗೆ ಬಲವಾದ ಅನುಮಾನ. ಮೂರನೆಯದು ಯುಪಿಎಸ್. ಮಳೆಗಾಲದಲ್ಲಿ ನಮ್ಮ ಕಡೆ ವೋಲ್ಟೇಜ್ ಏರಿಳಿಯುವಾಗ ಅದರ ರಿಲೇ (ಒಳಗಿನ ಸ್ವಿಚ್) ಟಕ್ ಅನ್ನುತ್ತದೆ. ಗೊತ್ತಾಗದೆ ಒಳ್ಳೆಯ ಡಿಸ್ಕನ್ನೇ ಬದಲಿಸಿದವರನ್ನು ನೋಡಿದ್ದೇನೆ. ಕಾಗದವನ್ನು ಸುರುಳಿ ಸುತ್ತಿ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಪೆಟ್ಟಿಗೆಯ ಹತ್ತಿರ ಹಿಡಿಯಿರಿ. ಜಾಗ ಸಿಗುತ್ತದೆ.

ಕಿವಿಯೊಂದನ್ನೇ ನಂಬಬೇಡಿ. ಡಿಸ್ಕಿನ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕ) ತೆಗೆದು 5, 197, 198 ಈ ಮೂರು ಸಾಲು ನೋಡಿ. ಸಾಟಾ ಅನ್ನುವ ಬಗೆಯ ಡಿಸ್ಕ್‌ಗಳಲ್ಲಿ ಕೆಟ್ಟ ಸೆಕ್ಟರುಗಳ (ಡೇಟಾ ಇಡುವ ಸಣ್ಣ ಭಾಗಗಳ) ಲೆಕ್ಕ ಅಲ್ಲಿರುತ್ತದೆ. ಅದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಿಸಲೇಬೇಕು. 199 ಮಾತ್ರ ಏರುತ್ತಿದ್ದರೆ ಹೆಚ್ಚಾಗಿ ಕೇಬಲ್ಲಿನ ತೊಂದರೆ, ಸಾಗಿಸುವಾಗ ಸಡಿಲ ಆಗಿರಬಹುದು. ರೇಡ್ 5 (ಹಲವು ಡಿಸ್ಕ್ ಸೇರಿಸಿ ಒಂದರಂತೆ ಬಳಸುವ ವ್ಯವಸ್ಥೆ) ಹಾಕಿದ್ದರೆ ತುಂಬಾ ಜಾಗ್ರತೆ ಮಾರಾಯ್ರೆ. ಅದು ತಡೆಯುವುದು ಒಂದೇ ಡಿಸ್ಕಿನ ನಷ್ಟವನ್ನು. ಕೆಟ್ಟದ್ದು ಬಿಟ್ಟು ಒಳ್ಳೆಯದನ್ನು ಎಳೆದರೆ ಇಡೀ ಸರ್ವರ್ ಮಲಗುತ್ತದೆ. ಸೀರಿಯಲ್ ನಂಬರ್ ತಾಳೆ ನೋಡದೆ ಕೈ ಹಾಕಬೇಡಿ.

ಮಣಿಪಾಲದಿಂದ, ಸರ್ವರ್ ರೂಮ್ ನೋಡಿಕೊಳ್ಳುವವರು:

ಸೀಟಿ ಸದ್ದಿನ ಬಗ್ಗೆ ಎರಡು ಮಾತು. ಕೆಲಸದ ಹೊರೆ ಏರಿಳಿದಂತೆ ಸ್ವರ ಬದಲಾದರೆ ಅದು ಪವರ್ ಸಪ್ಲೈ ಅಥವಾ ಬೋರ್ಡಿನ ಕಾಯಿಲ್ (ತಂತಿಯ ಸುರುಳಿ) ಇರಬಹುದು, ಸಾಮಾನ್ಯವಾಗಿ ಅಪಾಯ ಇಲ್ಲ. ಒಂದೇ ಸಮನೆ ಕಿರುಗುಟ್ಟಿದರೆ ಫ್ಯಾನಿನ ಬೇರಿಂಗ್. ಸರ್ವರಿನ ಬಿಎಂಸಿ (ಸರ್ವರಿನ ಸ್ಥಿತಿ ಗಮನಿಸುವ ಚಿಪ್) ಲಾಗ್‌ನಲ್ಲಿ ಫ್ಯಾನ್ ವೇಗ ಸಿಗುತ್ತದೆ, ಒಂದು ಮಾತ್ರ ಉಳಿದವುಗಳಿಗಿಂತ ಕಡಿಮೆ ತೋರಿಸಿದರೆ ಅದನ್ನೇ ಬದಲಿಸಿ. ಆನ್ ಮಾಡಿದಾಗ ಎಲ್ಲಾ ಫ್ಯಾನ್ ಸ್ವಲ್ಪ ಹೊತ್ತು ಜೋರಾಗಿ ಓಡುವುದು ಸಹಜ. ಮುಚ್ಚಳ ತೆಗೆದಿಟ್ಟು ಸುಮ್ನೆ ಓಡಿಸಬೇಡಿ, ಗಾಳಿಯ ದಾರಿ ತಪ್ಪಿ ಒಳಗೆ ಬಿಸಿ ಜಾಸ್ತಿಯಾಗುತ್ತದೆ.

ಹೊರಗಿನ ಸದ್ದೂ ಡಿಸ್ಕಿಗೆ ಪೆಟ್ಟು ಕೊಡುತ್ತದೆ. 2016ರಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರಿನಲ್ಲಿ ಬೆಂಕಿ ನಂದಿಸುವ ಗ್ಯಾಸನ್ನು ಪರೀಕ್ಷಿಸುವಾಗ, ಗ್ಯಾಸ್ ನುಗ್ಗಿದ ಸದ್ದಿಗೇ ಎಷ್ಟೋ ಡಿಸ್ಕ್ ಹಾಳಾದವು. ನಿಮ್ಮ ಹೊಸ ಜಾಗದಲ್ಲಿ ಜನರೇಟರ್ ಅಥವಾ ಏಸಿ ಕಂಪ್ರೆಸರ್ ಅದೇ ಗೋಡೆಗೆ ಕೂತಿದೆಯಾ ನೋಡಿ.

ಮಲ್ಪೆಯಿಂದ, ಮೀನಿನ ವ್ಯಾಪಾರದ ಕಚೇರಿಯವರು:

ನಾವು ಇರುವುದು ಕಡಲ ಬದಿಯಲ್ಲೇ. ಇಲ್ಲಿ ಉಪ್ಪುಗಾಳಿಯೇ ದೊಡ್ಡ ಶತ್ರು. ಸಮುದ್ರದ ಕಡೆಯ ಕಿಟಕಿ ಮುಚ್ಚಿದ ಮೇಲೆ ಕನೆಕ್ಟರುಗಳಿಗೆ ಹಸಿರು ಕಿಲುಬು ಹಿಡಿಯುವುದು ಎಷ್ಟೋ ಕಡಿಮೆಯಾಯಿತು. ರಾತ್ರಿ ಸರ್ವರನ್ನೂ ಏಸಿಯನ್ನೂ ಆಫ್ ಮಾಡುವ ಅಭ್ಯಾಸ ಇದ್ದರೆ ಬಿಡಿ, ತಣ್ಣಗಾದ ಬೋರ್ಡಿನ ಮೇಲೆ ತೇವ ಕೂರುತ್ತದೆ. ಕೋಣೆ 18ರಿಂದ 27 ಡಿಗ್ರಿ ಒಳಗಿದ್ದರೆ ಸಾಕು.

ಚಿರ್ ಚಿರ್ ಸದ್ದು, ಸುಟ್ಟ ವಾಸನೆ ಬಂದರೆ ಮಾತ್ರ ಬ್ಯಾಕಪ್ ಅಂತ ಕಾಯಬೇಡಿ, ಯುಪಿಎಸ್‌ನಿಂದಲೇ ಕರೆಂಟ್ ತೆಗೆಯಿರಿ. ನಮ್ಮಲ್ಲಿ ಪವರ್ ಸಪ್ಲೈ ಒಳಗೆ ಹಲ್ಲಿ ಸಿಕ್ಕಿಹಾಕಿಕೊಂಡಿತ್ತು. ಪವರ್ ಸಪ್ಲೈಯನ್ನು ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದರೂ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಮಂಗಳೂರಿನವರು ಮತ್ತೆ: ಸರ್, ಬ್ಯಾಕಪ್ ಮುಗಿದ ಮೇಲೆ ಸಂಜೆ ಕೌಂಟರ್ ಮುಚ್ಚಿ ಆಫ್ ಮಾಡಿ, ಪ್ಲಗ್ ತೆಗೆದು, ಬದಿಯ ಪ್ಲೇಟ್ ಬಿಚ್ಚಿ. ಫ್ಯಾನಿಗೆ ಕೇಬಲ್ ತಾಗಿದೆಯಾ, ಪ್ರೊಸೆಸರಿನ ಹೀಟ್ ಸಿಂಕ್ (ಅದರ ಬಿಸಿ ಎಳೆಯುವ ಲೋಹದ ಭಾಗ) ಅಲುಗಾಡುತ್ತದಾ ನೋಡಿ. ಅಲುಗಾಡಿದರೆ ಮತ್ತೆ ಆನ್ ಮಾಡದೆ ಇಲ್ಲಿ ತಿಳಿಸಿ. 197ರ ಸಾಲಿನಲ್ಲಿ ಎಷ್ಟು ಬಂತು ಅಂತಲೂ ಬರೆಯಿರಿ.