ವಾಚನಾಲಯದ ಬೋರ್ಡಿಗೆ ಯಾವ ವಿಶ್ವವಿದ್ಯಾನಿಲಯದವರ ಹೆಸರು?

ಪೆರ್ಲದ ಮಾಷ್ಟ್ರು: ಕಾಸರಗೋಡು ಸೀಮೆಯ ನಮ್ಮ ವಾಚನಾಲಯದ ಒಳಗೋಡೆಗೆ ಒಂದು ಬೋರ್ಡು ಬರೆಸುವುದೆಂದು ಆದಿತ್ಯವಾರದ ಮೀಟಿಂಗಿನಲ್ಲಿ ನಿಶ್ಚಯವಾಯಿತಷ್ಟೆ. ಕಾಲೇಜಿಗೆ ಹೋಗುವ ಮಕ್ಕಳು ನೋಡಲಿ ಎಂದು ಮೈಸೂರು ವಿಶ್ವವಿದ್ಯಾನಿಲಯದ ದೊಡ್ಡವರ ಪಟ್ಟಿ ಮಾಡಿದ್ದೇನೆ. 1916ರಲ್ಲಿ ಅದನ್ನು ಸ್ಥಾಪಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು, ಮೊದಲ ಉಪಕುಲಪತಿ ಎಚ್.ವಿ. ನಂಜುಂಡಯ್ಯ, ರಾಧಾಕೃಷ್ಣನ್, ಕುವೆಂಪು, ಆರ್.ಕೆ. ನಾರಾಯಣ್, ಅನಂತಮೂರ್ತಿ, ಇನ್ಫೋಸಿಸ್ ನಾರಾಯಣ ಮೂರ್ತಿ. ಬಿಟ್ಟುಹೋದವರಿದ್ದರೆ ಹೇಳಿ. ಪೈಂಟರಿಗೆ ಶನಿವಾರ ಕೊಡಬೇಕು.

ಕುಂಬ್ಳೆ ಹುಡುಗ: ಪಟ್ಟಿ ಚಂದ ಉಂಟು ಮಾಷ್ಟ್ರೆ. ಆದರೆ ಮೈಸೂರು ನಮಗೆ ಎಲ್ಲಿಂದ ಬಂತು? ನನ್ನ ಡಿಗ್ರಿ ಕಣ್ಣೂರಿನದ್ದು, ಅಪ್ಪನದ್ದು ಕಲ್ಲಿಕೋಟೆಯದ್ದು. ಕಾಲೇಜು ಮಾತ್ರ ಇಬ್ಬರದ್ದೂ ಒಂದೇ. ಕಾಸರಗೋಡು ಸರಕಾರಿ ಕಾಲೇಜು 1957ರಲ್ಲಿ ಶುರುವಾದಾಗ ಕೇರಳ ವಿವಿಯ ಕೆಳಗೆ, 1968ರಿಂದ ಕಲ್ಲಿಕೋಟೆ, 1996ರಿಂದ ಕಣ್ಣೂರು. ನಾವು ಕೂತಲ್ಲೇ ಕೂತಿದ್ದೇವೆ, ಮೇಲಿನ ಸೀಲು ಬದಲಾಗುತ್ತಾ ಹೋಯಿತು ಅಷ್ಟೆ.

ಮೈಸೂರಲ್ಲಿ ಕಲಿತವ: ಸೀಲು ನೋಡಿ ಯಾರಾದರೂ ದೊಡ್ಡವರಾಗುತ್ತಾರಾ? ರಾಧಾಕೃಷ್ಣನ್ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ್ದು 1918ರಿಂದ ಮೂರೇ ವರ್ಷ. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನ ಗಾಡಿಯಲ್ಲಿ ಕೂರಿಸಿ, ಕುದುರೆ ಬಿಚ್ಚಿ, ತಾವೇ ಸ್ಟೇಷನ್ನಿನವರೆಗೆ ಎಳೆದರಂತೆ. ಕುವೆಂಪು ಅದೇ ಕಾಲೇಜಿನ ವಿದ್ಯಾರ್ಥಿ, ಅಲ್ಲೇ ಮೇಷ್ಟ್ರು, ಅಲ್ಲೇ ಪ್ರಿನ್ಸಿಪಾಲ್, ಕೊನೆಗೆ 1956ರಿಂದ 60ರವರೆಗೆ ಉಪಕುಲಪತಿ. ವಿವಿಯ ಕ್ಯಾಂಪಸ್ಸು ಮಾನಸಗಂಗೋತ್ರಿ ಕಟ್ಟಿದ್ದೂ ಅವರೇ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಇನ್ನೇನು ಬೇಕು?

ಮಂಜೇಶ್ವರದಿಂದ: 1956 ಎಂದಿರಿ. ಆ ವರ್ಷ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತೆಂದು ಬೇರೆ ಹೇಳಬೇಕಾ ಮಾರಾಯ್ರೆ? ಅಲ್ಲಿಯವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆ, ಅಂದರೆ ಮದ್ರಾಸು. ನನ್ನ ಅಜ್ಜನ ಇಂಟರ್‌ಮೀಡಿಯೆಟ್ ಸರ್ಟಿಫಿಕೆಟು ತಗಡಿನ ಪೆಟ್ಟಿಗೆಯಲ್ಲಿ ಈಗಲೂ ಉಂಟು. ಒಂದು ಮೂಲೆ ಗೆದ್ದಲು ತಿಂದಿದೆ, ಮದ್ರಾಸ್ ಯೂನಿವರ್ಸಿಟಿ ಎಂಬ ಅಕ್ಷರ ಮಾತ್ರ ನಿನ್ನೆ ಅಚ್ಚಾದಷ್ಟು ಕಪ್ಪಗೆ. ಮಾಸ್ತಿ, ಬಿ.ಎಂ.ಶ್ರೀ ಇಬ್ಬರೂ ಮೈಸೂರು ಸೀಮೆಯವರಾದರೂ ಎಂ.ಎ. ಮಾಡಿದ್ದು ಮದ್ರಾಸಿನಲ್ಲಿ, ಮೈಸೂರು ವಿವಿ ಆಗ ಹುಟ್ಟಿರಲಿಲ್ಲ. ನಿಮ್ಮ ರಾಧಾಕೃಷ್ಣನ್ ಕಲಿತದ್ದೂ ಮದ್ರಾಸಿನಲ್ಲೇ. ನಮ್ಮ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಪದವಿ ಕೊಟ್ಟದ್ದು ಮದ್ರಾಸು ಸರಕಾರ.

ಮೈಸೂರಲ್ಲಿ ಕಲಿತವ: ಸರಕಾರ ಬೇರೆ, ಯೂನಿವರ್ಸಿಟಿ ಬೇರೆ. ಮಿಕ್ಸ್ ಮಾಡಬೇಡಿ.

ಮಂಜೇಶ್ವರದಿಂದ: ಒಪ್ಪಿದೆ. ಹಾಗಾದರೆ ಯೂನಿವರ್ಸಿಟಿಯದ್ದೇ ಹೇಳುತ್ತೇನೆ. ವಾಚನಾಲಯದ ಬಾಗಿಲ ಹಿಂದಿನ ಕಪಾಟಿನಲ್ಲಿ ಕಿಟೆಲ್ ನಿಘಂಟಿನ ಮೂರು ದಪ್ಪ ಸಂಪುಟ ಇವೆಯಲ್ಲ (ನಾಲ್ಕನೆಯದನ್ನು ಕೊಂಡೊಯ್ದವರು ಇದನ್ನು ಓದುತ್ತಿದ್ದರೆ ತಂದಿಡಿ), ಅದರ ಮೊದಲ ಪುಟ ಯಾರಾದರೂ ನೋಡಿದ್ದೀರಾ? ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಬಂತು. ಅದನ್ನು ತಿದ್ದಿ, ಬೆಳೆಸಿ, ನಾಲ್ಕು ಸಂಪುಟ ಮಾಡಿದವರು ಮದ್ರಾಸು ವಿವಿಯ ಕನ್ನಡ ಪ್ರೊಫೆಸರ್ ಎಂ. ಮರಿಯಪ್ಪ ಭಟ್ಟರು. ಅಚ್ಚು ಹಾಕಿಸಿದ್ದು ಅದೇ ವಿವಿ, 1968ರಿಂದ 71ರ ಒಳಗೆ. ಆಗ ಕನ್ನಡ ಜಿಲ್ಲೆಗಳು ಮದ್ರಾಸಿನ ಕೈಬಿಟ್ಟು ಹತ್ತು ವರ್ಷ ದಾಟಿತ್ತು! ನಾವು ದಿನಾ ಕೈ ಹಾಕುವ ಪುಸ್ತಕ, ಆ ಮನುಷ್ಯನ ಹೆಸರು ಪಟ್ಟಿಯಲ್ಲಿಲ್ಲ. ಇನ್ಫೋಸಿಸ್ ಉಂಟು.

ಕುಂಬ್ಳೆ ಹುಡುಗ: 😄 ನಾರಾಯಣ ಮೂರ್ತಿ ಕಲಿತದ್ದು ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಅದು ಆಗ ಮೈಸೂರು ವಿವಿಗೆ ಸೇರಿತ್ತು, ಅಷ್ಟೆ. ಆ ಲೆಕ್ಕಕ್ಕೆ ನಾನೂ ಕಣ್ಣೂರು ವಿವಿಯ ಗಣ್ಯ.

ನೀರ್ಚಾಲಿನ ಟೀಚರ್: ನಾನು ಎರಡು ಸಂಗತಿ ಹೇಳಿ ಅಡಿಗೆಗೆ ಹೋಗುತ್ತೇನೆ. ಒಂದು, ಆರ್.ಕೆ. ನಾರಾಯಣ್ ಹೆಸರಿನ ಪಕ್ಕ "ಯೂನಿವರ್ಸಿಟಿ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಮನೆಯಲ್ಲಿ ಕೂತವರು" ಎಂದೂ ಬರೆಯಿರಿ. ಪ್ಲಸ್ ಟು ಮಕ್ಕಳು ನಿಂತು ಓದುವುದು ಅದನ್ನೇ. ಎರಡು, ಕೊಣಾಜೆ, ಅಂದರೆ ಈಗಿನ ಮಂಗಳೂರು ವಿವಿ, ಎಲ್ಲಿ ಹೋಯಿತು ಮಾಷ್ಟ್ರೆ? ನಮ್ಮಲ್ಲಿ ಎಂ.ಎ. ಕನ್ನಡ ಎಂದರೆ ಬೆಳಿಗ್ಗೆ ಬಸ್ಸು ಹಿಡಿದು ತಲಪಾಡಿ ಗಡಿ ದಾಟುವುದೇ ಆಗಿತ್ತು. 1968ರಲ್ಲಿ ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ ಮಂಗಳೂರಿಗೆ ಬಂದಾಗ ಎಸ್.ವಿ. ಪರಮೇಶ್ವರ ಭಟ್ಟರು ಮೈಸೂರು ಬಿಟ್ಟು ಇಲ್ಲಿಗೆ ಬಂದು ಕನ್ನಡ ವಿಭಾಗ ಕಟ್ಟಿದರು. ಕಾಳಿದಾಸನನ್ನು ಕನ್ನಡಕ್ಕೆ ತಂದವರು. ಅಲ್ಲಿಯ ಆರಂಭದ ವಿದ್ಯಾರ್ಥಿ ವಿವೇಕ ರೈಗಳು ಮುಂದೆ ಹಂಪಿ ಕನ್ನಡ ವಿವಿಗೆ ಉಪಕುಲಪತಿ. ಕೇಂದ್ರ 1980ರಲ್ಲಿ ಮಂಗಳೂರು ವಿವಿ ಆದಾಗ ಮೊದಲ ಉಪಕುಲಪತಿ ಶೇಖ್ ಅಲಿ, ಅವರು ಮತ್ತೆ ಗೋವಾ ವಿವಿಗೂ ಮೊದಲಿಗರು. ಇವರೆಲ್ಲ ಮೈಸೂರಿನ ಕೊಂಬೆಗಳೇ ಅಲ್ವಾ?

ಪೆರ್ಲದ ಮಾಷ್ಟ್ರು: ಟೀಚರ್, ತಪ್ಪಾಯಿತು. ಎಸ್.ವಿ.ಪಿ. ಖಂಡಿತ ಸೇರಬೇಕು. ಅನಂತಮೂರ್ತಿಯವರನ್ನು ನಾನು ಬೇಕೆಂದೇ ಹಾಕಿದ್ದು. ಮೈಸೂರಿನಲ್ಲಿ ಇಂಗ್ಲಿಷ್ ಕಲಿಸಿದ ಕನ್ನಡದ ಲೇಖಕ ಕೋಟ್ಟಯಂನ ಮಹಾತ್ಮಾ ಗಾಂಧಿ ವಿವಿಗೆ ಉಪಕುಲಪತಿಯಾಗಿ ಬಂದದ್ದು ನಮ್ಮಂಥ ಗಡಿಯವರಿಗೆ ಸಣ್ಣ ಸಂಗತಿಯಲ್ಲ.

ನೀರ್ಚಾಲಿನ ಟೀಚರ್: ಪಟ್ಟಿಯಲ್ಲಿ ಒಬ್ಬ ಹೆಂಗಸೂ ಇಲ್ಲ, ಅದನ್ನು ಯಾರೂ ಹೇಳಲಿಲ್ಲ. ಲೇಖಕಿ ಸಾರಾ ಅಬೂಬಕ್ಕರ್ ಹಾಕಿ.

ಮೈಸೂರಲ್ಲಿ ಕಲಿತವ: ಅವರು ಕಾಲೇಜಿಗೇ ಹೋದವರಲ್ಲವಲ್ಲ ಅಕ್ಕಾ. ಹಳೆವಿದ್ಯಾರ್ಥಿ ಎಂದು ಹೇಗೆ ಬರೆಯುವುದು?

ನೀರ್ಚಾಲಿನ ಟೀಚರ್: ಹೋದವರಲ್ಲ ಅಲ್ಲ, ಹೋಗಲು ಬಿಟ್ಟಿರಲಿಲ್ಲ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಕಲಿತು, ಮುಂದೆ ಓದುವ ಆಸೆಯಿದ್ದೂ ನಿಲ್ಲಿಸಬೇಕಾಯಿತು. ಆಮೇಲೆ ಮಂಗಳೂರು ವಿವಿಯೇ ಗೌರವ ಡಾಕ್ಟರೇಟ್ ಕೊಟ್ಟು ಕರೆಯಿತು. ನಿಮಗೆ ಸೀಲು ಬೇಕಿದ್ದರೆ ಅದೂ ಉಂಟು.

ಮೈಸೂರಲ್ಲಿ ಕಲಿತವ: ...ಸರಿ. ಆದರೆ ಮೇಲಿನ ಶೀರ್ಷಿಕೆ ಬದಲಿಸಬೇಕಾಗುತ್ತದೆ.

ಕುಂಬ್ಳೆ ಹುಡುಗ: ಶೀರ್ಷಿಕೆಯೇ ಬೇಡ ಮಾಷ್ಟ್ರೆ. ಹೆಸರು, ಪಕ್ಕದಲ್ಲಿ ಒಂದು ಸಾಲು, ಸಾಕು.

ಪೆರ್ಲದ ಮಾಷ್ಟ್ರು: ಬೋರ್ಡು ಆರಡಿಗೆ ನಾಲ್ಕಡಿ ಮಾತ್ರ, ನೆನಪಿರಲಿ. ಪೈಂಟರು ಅಕ್ಷರಕ್ಕೆ ಲೆಕ್ಕ ಹಾಕುವವರು. ಇನ್ಫೋಸಿಸ್ ತೆಗೆದು ಮರಿಯಪ್ಪ ಭಟ್ಟರನ್ನು ಹಾಕಿದ್ದೇನೆ. ಮಂಜೇಶ್ವರದವರು ನಿಘಂಟಿನ ಮೊದಲ ಪುಟದ ಫೋಟೋ ಇವತ್ತೇ ಕಳಿಸಿ, ಇನಿಷಿಯಲ್ ತಪ್ಪಬಾರದು.