ನಕ್ಷತ್ರಮೀನಿಗೆ ಮೂರು ಪದರ ಯಾಕೆ?

ಪ್ರಶ್ನೆ (ಪಿಯುಸಿ ವಿದ್ಯಾರ್ಥಿನಿ, ಧಾರವಾಡ): ನಮಸ್ಕಾರ ಸರ್. ಜೆಲ್ಲಿಫಿಶ್, ನಕ್ಷತ್ರಮೀನು ಎರಡಕ್ಕೂ ರೇಡಿಯಲ್ ಸಿಮಿಟ್ರಿ, ಅಂದರೆ ನಡುವಿನಿಂದ ಸುತ್ತಲೂ ಒಂದೇ ಥರದ ಆಕಾರ. ಆದರೆ ಜೆಲ್ಲಿಫಿಶ್‌ಗೆ ಎರಡು ಭ್ರೂಣ ಪದರ (ಮೈಯ ಭಾಗಗಳೆಲ್ಲ ಹುಟ್ಟುವ ಮೊದಲ ಜೀವಕೋಶ ಪದರ), ನಕ್ಷತ್ರಮೀನಿಗೆ ಮೂರು. ಆಕಾರ ಒಂದೇ ಥರ ಇದ್ದರೆ ಪದರವೂ ಅಷ್ಟೇ ಇರಬೇಕಲ್ವಾ? ಮತ್ತೆ ಜೆಲ್ಲಿಫಿಶ್ ಪದರಗಳ ನಡುವೆ ಮೀಸೋಗ್ಲಿಯಾ ಅನ್ನುವ ಲೋಳೆ ಇದೆ. ಅದನ್ನು ಯಾಕೆ ಮೂರನೇ ಪದರ ಅನ್ನುವುದಿಲ್ಲ?

ಉತ್ತರ (ಪ್ರಾಣಿಶಾಸ್ತ್ರ ಉಪನ್ಯಾಸಕ, ಹುಬ್ಬಳ್ಳಿ): ತಂಗಿ, ಎರಡನೇ ಪ್ರಶ್ನೆ ಮೊದಲು ಮುಗಿಸೋಣ. ಕಾರವಾರದ ಮರಳಿನ ಮೇಲೆ ಬಿದ್ದಿರುವ ಜೆಲ್ಲಿಫಿಶ್ ನೋಡಿದ್ದೀಯಾ? ಕಣ್ಣಿಗೆ ಕಾಣುವ ಆ ಲೋಳೆ ಮುದ್ದೆಯೇ ಮೀಸೋಗ್ಲಿಯಾ. ಬಹುಪಾಲು ಬರೀ ನೀರು. (ಮುಟ್ಟಬೇಡ ಮತ್ತೆ, ಸತ್ತ ಮೇಲೂ ಕುಟುಕುತ್ತದೆ.) ನಿಜವಾದ ಮೂರನೇ ಪದರ, ಅಂದರೆ ಮೀಸೋಡರ್ಮ್, ಹಾಗಲ್ಲ. ಅದು ಭ್ರೂಣದಲ್ಲೇ ಎಕ್ಟೋಡರ್ಮ್ (ಹೊರಪದರ), ಎಂಡೋಡರ್ಮ್ (ಒಳಪದರ) ನಡುವೆ ಹುಟ್ಟುವ ಜೀವಕೋಶಗಳ ಪದರ. ಮುಂದೆ ಅದರಿಂದ ಸ್ನಾಯು ಆಗುತ್ತದೆ, ನಮ್ಮಲ್ಲಾದರೆ ಮೂಳೆ, ರಕ್ತ, ಹೃದಯವೂ ಆಗುತ್ತವೆ. ಮೀಸೋಗ್ಲಿಯಾದಿಂದ ಯಾವ ಅಂಗವೂ ಹುಟ್ಟುವುದಿಲ್ಲ. ಹಾಗಾದರೆ ಜೆಲ್ಲಿಫಿಶ್ ಮುದುಡಿ ಅರಳುವುದು ಹೇಗೆ ಅಂತ ಕೇಳಬಹುದು. ಅಲ್ಲಿ ಪದರದ ಕೋಶಗಳ ಬುಡವೇ ಸ್ನಾಯುವಿನ ಕೆಲಸ ಮಾಡುತ್ತದೆ.

ಇನ್ನು ನಕ್ಷತ್ರಮೀನು. ಅದರ ಲಾರ್ವಾ (ಮೊಟ್ಟೆಯಿಂದ ಬಂದ ಮರಿ) ನೋಡಿದರೆ ನಕ್ಷತ್ರದ ಸುಳಿವೂ ಇರುವುದಿಲ್ಲ. ಎಡ ಬಲ ಎರಡೂ ಸಮ, ಅಂದರೆ ಬೈಲ್ಯಾಟರಲ್. ಕೆಲಕಾಲ ನೀರಿನಲ್ಲಿ ಈಜಿಕೊಂಡಿದ್ದು, ಆಮೇಲೆ ಮೈಯೇ ಮಾರ್ಪಟ್ಟು ಐದು ತೋಳಿನ ಆಕಾರ ಬರುತ್ತದೆ. ಮೂರು ಪದರ ಅದಕ್ಕೂ ಮುಂಚೆಯೇ ಆಗಿರುತ್ತವೆ. ಮೈಯ ಆಕಾರ ಬದಲಾದರೂ ಅವು ಎಲ್ಲಿಗೂ ಹೋಗುವುದಿಲ್ಲ. ಬದುಕಿರುವ ನಕ್ಷತ್ರಮೀನನ್ನು ಅಂಗಾತ ಮಾಡಿದರೆ, ತೋಳುಗಳ ಅಡಿಯಲ್ಲಿ ಸಾಲು ಸಾಲು ಕೊಳವೆಗಾಲುಗಳು ಚಾಚಿ, ಮತ್ತೆ ಒಳಗೆಳೆದುಕೊಂಡು ನೆಲಕ್ಕಾಗಿ ತಡಕಾಡುತ್ತವೆ. ಆ ಕಾಲಿನ ಸ್ನಾಯು ಮೀಸೋಡರ್ಮ್‌ನಿಂದ ಬಂದದ್ದು. ಹೇಳಿದರೆ ನಂಬಲ್ಲ, ನಕ್ಷತ್ರಮೀನು ಜೆಲ್ಲಿಫಿಶ್‌ಗಿಂತ ನಮಗೇ ಹತ್ತಿರದ ಬಳಗ.

ಪರೀಕ್ಷೆಯಲ್ಲಿ ಸುಮ್ನೆ ರೇಡಿಯಲ್ ಅಂತ ಬರೆದು ಬಿಡಬೇಡ. ಬೆಳೆದದ್ದು ರೇಡಿಯಲ್, ಲಾರ್ವಾ ಬೈಲ್ಯಾಟರಲ್ ಅಂತ ಎರಡೂ ಬರಿ.

ಇನ್ನೊಬ್ಬರ ಪ್ರಶ್ನೆ (ಹಾವೇರಿ): ಸರ್, ಮಳೆಗಾಲದಲ್ಲಿ ನಮ್ಮ ಹಿತ್ತಲ ತುಂಬ ಬಸವನಹುಳು. ಚಿಪ್ಪು ಒಂದೇ ಕಡೆಗೆ ಸುರುಳಿ. ಅದು ಯಾವ ಲೆಕ್ಕಕ್ಕೆ ಬರುತ್ತದೆ?

ಉತ್ತರ: ಅದೂ ಬೈಲ್ಯಾಟರಲ್ಲೇ ರೀ, ಪದರವೂ ಮೂರು. ಹೊರಗೆ ಚಾಚಿಕೊಂಡಾಗ ತಲೆ ಕಡೆ ನೋಡಿ. ಎರಡು ಜೊತೆ ಕೋಡು, ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಉದ್ದನೆಯ ಕೋಡಿನ ತುದಿಯಲ್ಲಿ ಕಣ್ಣು. ತಿರುಚಿಕೊಂಡಿರುವುದು ಚಿಪ್ಪಿನೊಳಗಿನ ಭಾಗ ಮಾತ್ರ. ಬೆಳವಣಿಗೆಯ ಶುರುವಿನಲ್ಲೇ ಅದು ಸುಮಾರು 180 ಡಿಗ್ರಿ ತಿರುಗುತ್ತದೆ. ಹಿಂದೆ ಇರಬೇಕಾದ ಗುದದ್ವಾರ ಮುಂದಕ್ಕೆ ಬರುವುದು ಅದಕ್ಕೇ.